ನಾವು ಬಿಟ್ಟುಕೊಟ್ಟ ಎರಡು ಆಸನಗಳು

ಹದಿಮೂರು ವರ್ಷಗಳಿಂದ ನಮ್ಮ ಹೆಸರಿನಲ್ಲಿದ್ದ ಎರಡು ಸೀಸನ್ ಟಿಕೆಟ್‌ಗಳನ್ನು, ಅಂದರೆ ಒಂದು ಋತುವಿನ ಎಲ್ಲ ತವರು ಪಂದ್ಯಗಳ ಟಿಕೆಟ್‌ಗಳನ್ನು, 2025ರಲ್ಲಿ ನಾವು ನವೀಕರಿಸಲಿಲ್ಲ. ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಮೇಲಿನಿಂದ ಎಣಿಸಿದರೆ ಒಂಬತ್ತನೆಯ ಸಾಲಿನಲ್ಲಿ, ಅಲ್ಯೂಮಿನಿಯಂ ಬೆಂಚಿನ ಮೇಲೆ ಬಣ್ಣದಲ್ಲಿ ಬರೆದ ಎರಡು ಸಂಖ್ಯೆಗಳು ನಮ್ಮವಾಗಿದ್ದವು. ಫೆಬ್ರವರಿಯಲ್ಲಿ ನವೀಕರಣದ ಪತ್ರ ಬಂದಾಗ ನಾನೂ ನನ್ನ ಹೆಂಡತಿಯೂ ಮೂರು ರಾತ್ರಿ ಕುಳಿತು ಲೆಕ್ಕ ಹಾಕಿದೆವು. ಎರಡು ಟಿಕೆಟ್, ಎರಡು ಆಸನಗಳಿಗೆ ಕೊಡಲೇಬೇಕಾದ ದೇಣಿಗೆ, ಪಾರ್ಕಿಂಗ್ ಪಾಸ್, ಸೇವಾ ಶುಲ್ಕ ಎಲ್ಲ ಸೇರಿ ಮೊತ್ತ ಮೂರು ಸಾವಿರ ಡಾಲರ್ ದಾಟಿತ್ತು. 2012ರಲ್ಲಿ ಅವೇ ಆಸನಗಳನ್ನು ಮೊದಲ ಬಾರಿ ಪಡೆದಾಗ ನಾವು ಕೊಟ್ಟಿದ್ದು ಸಾವಿರದ ನೂರರ ಆಸುಪಾಸು. ಈ ನಡುವೆ ನಮ್ಮ ಸಂಬಳ ಏರಿಲ್ಲವೆಂದಲ್ಲ, ಆದರೆ ಈ ವೇಗದಲ್ಲಿ ಏರಿಲ್ಲ. ಮಗಳು ಕಾಲೇಜು ಸೇರುವ ವಯಸ್ಸಿಗೆ ಬಂದಿದ್ದಾಳೆ. ಅವಳ ಶುಲ್ಕಕ್ಕೆಂದು ಎತ್ತಿಡಬೇಕಾದ ಹಣದಲ್ಲಿ ಬೇರೆಯವರ ಮಕ್ಕಳು ಆಡುವ ಆಟ ನೋಡುವುದು ಸರಿಯಲ್ಲವೆಂದು ಕೊನೆಗೆ ಇಬ್ಬರಿಗೂ ಅನ್ನಿಸಿತು.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಊರಿನಲ್ಲಿ ಕಾಲಿನಿಂದ ಒದ್ದು ಆಡುತ್ತಿದ್ದ ಆಟವಲ್ಲ. ತಲೆಗೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕಾದ ಆಟ. 1999ರ ಆಗಸ್ಟ್‌ನಲ್ಲಿ ಸ್ನಾತಕೋತ್ತರ ಪದವಿಗೆಂದು ಈ ದೇಶಕ್ಕೆ ಬಂದ ನನಗೆ ಅದರ ತಲೆಬುಡ ತಿಳಿದಿರಲಿಲ್ಲ. ಪ್ರಯೋಗಾಲಯದ ಗೆಳೆಯರು ವಿದ್ಯಾರ್ಥಿಗಳ ಅಗ್ಗದ ಟಿಕೆಟ್ ಕೊಡಿಸಿ ಒಂದು ಶನಿವಾರ ಬೆಳಿಗ್ಗೆ ಎಳೆದುಕೊಂಡು ಹೋದರು. ಎಲೆಗಳು ಕೆಂಪಾಗತೊಡಗಿದ್ದ ಆ ದಿನ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ದಿಕ್ಕಿಗೆ ನಡೆಯುತ್ತಿದ್ದುದನ್ನು ಕಂಡು, ನಮ್ಮ ಕಡೆಯ ರಥೋತ್ಸವದ ದಿನದ ಬೀದಿ ನೆನಪಾಗಿ ನನಗೆ ಗಂಟಲು ಕಟ್ಟಿತ್ತು. ಆಟದ ನಿಯಮ ತಿಳಿಯಲು ಎರಡು ಋತುಗಳು ಬೇಕಾದವು; ಆ ಜನಸಂದಣಿಯಲ್ಲಿ ನಾನೂ ಒಬ್ಬನೆಂದು ಅನ್ನಿಸಲು ಒಂದು ಮಧ್ಯಾಹ್ನ ಸಾಕಾಯಿತು.

ಈ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಸನಗಳಿರುವ ಕ್ರೀಡಾಂಗಣಗಳು ಎಂಟು, ಅವೆಲ್ಲವೂ ವಿಶ್ವವಿದ್ಯಾಲಯಗಳವು. ವೃತ್ತಿಪರ ತಂಡಗಳ ಯಾವ ಕ್ರೀಡಾಂಗಣವೂ ಅಷ್ಟು ದೊಡ್ಡದಲ್ಲ. 1927ರಲ್ಲಿ ತೆರೆದ, ಆನ್ ಆರ್ಬರ್‌ನ ಮಿಷಿಗನ್ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. 1922ರಲ್ಲಿ ತೆರೆದ, ಕೊಲಂಬಸ್‌ನ ಒಹಾಯೊ ಕ್ರೀಡಾಂಗಣದಲ್ಲಿ 1,02,780. ಬಡಗಿಗಳು, ರೈತರು, ಶಾಲಾ ಶಿಕ್ಷಕರು ಮನೆಮಂದಿಯೊಂದಿಗೆ ಬಂದು ಕುಳಿತುಕೊಳ್ಳದೆ ಇಂಥ ಅಗಾಧ ಬಟ್ಟಲುಗಳು ತುಂಬಿರಲು ಸಾಧ್ಯವೇ ಇರಲಿಲ್ಲ. ಟಿಕೆಟಿನ ಬೆಲೆಯ ಬಗ್ಗೆ ನನಗಿರುವ ಸಂಕಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಜನಸಾಮಾನ್ಯರಿಂದ ತುಂಬಲೆಂದೇ ಕಟ್ಟಿದ ಜಾಗದಿಂದ ಈಗ ಅವರನ್ನೇ ಒಬ್ಬೊಬ್ಬರಾಗಿ ಹೊರಗೆ ಕಳುಹಿಸಲಾಗುತ್ತಿದೆ.

ಹೊರಗಿನವರಿಗೆ ಸುಲಭವಾಗಿ ಅರ್ಥವಾಗದ ಸಂಗತಿಯೆಂದರೆ, ಟಿಕೆಟಿನ ಮೇಲೆ ಅಚ್ಚಾಗಿರುವ ಬೆಲೆ ನಿಜವಾದ ಬೆಲೆಯಲ್ಲ. ದೊಡ್ಡ ವಿಶ್ವವಿದ್ಯಾಲಯಗಳ ಒಳ್ಳೆಯ ಆಸನಗಳಿಗೆ ಸೀಸನ್ ಟಿಕೆಟ್ ಕೊಳ್ಳುವ ಹಕ್ಕು ಬೇಕಾದರೆ ಮೊದಲು ಕ್ರೀಡಾ ವಿಭಾಗದ ನಿಧಿಗೆ ಪ್ರತಿ ಆಸನಕ್ಕೆ ಇಂತಿಷ್ಟೆಂದು ವರ್ಷವರ್ಷವೂ ದೇಣಿಗೆ ಕೊಡಬೇಕು. ಹೆಚ್ಚು ಕೊಟ್ಟವರಿಗೆ ಹೆಚ್ಚು ಅಂಕ. ಹೆಚ್ಚು ಅಂಕ ಇದ್ದವರಿಗೆ ಮೈದಾನದ ಮಧ್ಯಗೆರೆಗೆ ಹತ್ತಿರದ ಆಸನ. ಕೊಡದಿದ್ದರೆ ಆಸನವೇ ಕೈತಪ್ಪುವ ಹಣವನ್ನು ದೇಣಿಗೆ ಎಂದು ಕರೆಯುವುದು ನನಗೆ ಮೊದಲಿನಿಂದಲೂ ಒಪ್ಪಿಗೆಯಾಗಿಲ್ಲ. ಆದರೂ ದೀರ್ಘಕಾಲ ಸರ್ಕಾರವೇ ಅದನ್ನು ದೇಣಿಗೆಯೆಂದು ಒಪ್ಪಿಕೊಂಡಿತ್ತು. 2017ರ ಕೊನೆಯವರೆಗೂ ಈ ಹಣದ ಶೇಕಡಾ 80ರಷ್ಟನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಧರ್ಮಾರ್ಥ ಕೊಡುಗೆಯೆಂದು ಕಳೆಯಬಹುದಾಗಿತ್ತು. ಆ ಡಿಸೆಂಬರ್‌ನಲ್ಲಿ ಅಂಗೀಕಾರವಾದ ತೆರಿಗೆ ಕಾಯಿದೆ 2018ರಿಂದ ಆ ವಿನಾಯಿತಿಯನ್ನು ತೆಗೆದುಹಾಕಿತು. ಆಟ ನೋಡುವವರ ಖರ್ಚಿಗೆ ಇತರ ತೆರಿಗೆದಾರರು ಹೊರೆ ಹೊರಬೇಕಾಗಿಲ್ಲ ಎಂಬ ನ್ಯಾಯ ನನಗೂ ಒಪ್ಪಿಗೆಯೇ. ಆದರೆ ತೆರಿಗೆಯ ರಿಯಾಯಿತಿ ಹೋದ ಮೇಲೆ ನಮ್ಮ ವಿಶ್ವವಿದ್ಯಾಲಯ ದೇಣಿಗೆಯ ಮೊತ್ತವನ್ನು ಒಂದು ಡಾಲರ್ ಕೂಡ ಇಳಿಸಲಿಲ್ಲ, ಬದಲಾಗಿ ಎರಡು ಬಾರಿ ಏರಿಸಿತು. ಎರಡನೆಯ ಬಾರಿ ಏರಿಸಿದಾಗ, ಅದುವರೆಗೆ ದೇಣಿಗೆಯ ಗೊಡವೆಯೇ ಇಲ್ಲದಿದ್ದ ನಮ್ಮ ಮೇಲಿನ ಸಾಲುಗಳನ್ನೂ ಆ ವ್ಯವಸ್ಥೆಯೊಳಗೆ ಸೇರಿಸಲಾಯಿತು.

ಸೀಸನ್ ಟಿಕೆಟ್ ಬೇಡ, ವರ್ಷಕ್ಕೆ ಒಂದೆರಡು ಪಂದ್ಯ ಸಾಕು ಎನ್ನುವವರ ಸ್ಥಿತಿಯೂ ಸುಖಕರವಾಗಿಲ್ಲ. ಹಿಂದೆ ಎಲ್ಲ ಪಂದ್ಯಗಳಿಗೂ ಹೆಚ್ಚುಕಡಿಮೆ ಒಂದೇ ದರವಿತ್ತು. ಈಗ ಬೇಡಿಕೆ ನೋಡಿಕೊಂಡು ದರ ದಿನದಿನವೂ ಬದಲಾಗುತ್ತದೆ, ಸಾಂಪ್ರದಾಯಿಕ ಎದುರಾಳಿ ಬರುವ ಶನಿವಾರದ ಬೆಲೆ ದುರ್ಬಲ ತಂಡ ಬರುವ ಶನಿವಾರಕ್ಕಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಉಳಿದ ಟಿಕೆಟ್‌ಗಳು ಮರುಮಾರಾಟದ ತಾಣಗಳಿಗೆ ಹೋಗುತ್ತವೆ. ಮೊದಲು ಒಂದು ಬೆಲೆ ತೋರಿಸಿ, ಹಣ ಪಾವತಿಸುವ ಕೊನೆಯ ಪುಟದಲ್ಲಿ ಶುಲ್ಕಗಳನ್ನು ಸೇರಿಸುವ ರೂಢಿ ಇಲ್ಲಿ ವರ್ಷಗಟ್ಟಲೆ ನಡೆದಿತ್ತು. 2025ರ ಮೇ 12ರಿಂದ ಜಾರಿಗೆ ಬಂದ, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮದ ಪ್ರಕಾರ ಟಿಕೆಟ್ ಮಾರುವವರೂ ಹೋಟೆಲಿನವರೂ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಪೂರ್ಣ ಬೆಲೆಯನ್ನು ಮೊದಲೇ ತೋರಿಸಬೇಕು. ಇದು ಒಳ್ಳೆಯ ನಿಯಮ, ಸ್ವಾಗತಿಸುತ್ತೇನೆ. ಆದರೆ ಅದು ಬೆಲೆಯನ್ನು ಬಯಲಿಗೆ ತರುತ್ತದೆಯೇ ಹೊರತು ಇಳಿಸುವುದಿಲ್ಲ.

ಟಿಕೆಟ್ ಕೈಗೆ ಬಂದ ಮೇಲಿನ ಖರ್ಚು ಇನ್ನೊಂದು ಕಥೆ. ನಾವು ಕ್ರೀಡಾಂಗಣದಿಂದ ಎರಡೂವರೆ ಗಂಟೆಯ ದಾರಿಯ ಊರಿನಲ್ಲಿದ್ದೇವೆ. ಅನೇಕ ಪಂದ್ಯಗಳು ಯಾವ ಹೊತ್ತಿಗೆ ಆರಂಭವಾಗುತ್ತವೆ ಎಂಬುದು ಪಂದ್ಯಕ್ಕೆ ಹನ್ನೆರಡು ದಿನ ಮೊದಲು, ಕೆಲವೊಮ್ಮೆ ಆರೇ ದಿನ ಮೊದಲು ಗೊತ್ತಾಗುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಟಿವಿ ವಾಹಿನಿಗಳು. ಮಧ್ಯಾಹ್ನ ಹನ್ನೆರಡಕ್ಕಾದರೆ ಅಂದೇ ಮನೆಗೆ ಮರಳಬಹುದು. ರಾತ್ರಿ ಏಳೂವರೆಗೆಂದರೆ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ನಡುರಾತ್ರಿಯಲ್ಲಿ ಹೆದ್ದಾರಿ ಹಿಡಿಯಬೇಕು, ಇಲ್ಲವೇ ಉಳಿದುಕೊಳ್ಳಬೇಕು. ಪಂದ್ಯದ ವಾರಾಂತ್ಯಗಳಲ್ಲಿ ಆ ಊರಿನ ಹೋಟೆಲುಗಳು ಎರಡು ರಾತ್ರಿಗೆ ಕಡಿಮೆ ಕೋಣೆ ಕೊಡುವುದೇ ಇಲ್ಲ, ದರವೂ ಉಳಿದ ದಿನಗಳ ಮೂರು ಪಟ್ಟು. ಒಂದು ವರ್ಷ ನಮ್ಮ ಎರಡು ರಾತ್ರಿಯ ಬಾಡಿಗೆ ಅದೇ ಪಂದ್ಯದ ನಾಲ್ಕು ಟಿಕೆಟ್‌ಗಳ ಬೆಲೆಯನ್ನು ಮೀರಿತ್ತು.

ಒಳಗಿನ ತಿಂಡಿ, ನೀರಿನ ಬಾಟಲಿಗಳ ಬೆಲೆಯನ್ನು ಎಲ್ಲರೂ ಬಲ್ಲರು, ವಿವರಿಸುವುದಿಲ್ಲ. ಬೇರೆ ದಾರಿ ಇದೆ ಎಂಬುದಕ್ಕೆ ಅಟ್ಲಾಂಟಾ ನಗರದ ಮರ್ಸಿಡಿಸ್ ಬೆಂಜ್ ಕ್ರೀಡಾಂಗಣ ಸಾಕ್ಷಿ. 2017ರಲ್ಲಿ ತೆರೆದಾಗ ಅದು ಹಾಟ್ ಡಾಗ್‌ಗೆ ಎರಡು ಡಾಲರ್, ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ತಂಪು ಪಾನೀಯಕ್ಕೆ ಎರಡು ಡಾಲರ್ ಎಂದು ದರ ಇಟ್ಟಿತು. ವ್ಯಾಪಾರಿಯೊಬ್ಬರು ನಡೆಸುವ ಕ್ರೀಡಾಂಗಣಕ್ಕೆ ಸಾಧ್ಯವಾದದ್ದು ಜನರ ತೆರಿಗೆಯಿಂದ ಬೆಳೆದ ವಿಶ್ವವಿದ್ಯಾಲಯಕ್ಕೆ ಏಕೆ ಸಾಧ್ಯವಾಗುವುದಿಲ್ಲ ಎಂಬುದು ನನ್ನ ಪ್ರಶ್ನೆ.

ಹಣದ ಕೊರತೆಯೆಂಬ ಉತ್ತರವನ್ನು ನಾನು ನಂಬುವುದಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟ್, ಕಾಲೇಜು ಫುಟ್‌ಬಾಲ್ ಪ್ರಸಾರದ ಮೇಲೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಹೊಂದಿದ್ದ ಹಿಡಿತ ಏಕಸ್ವಾಮ್ಯ ವಿರೋಧಿ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಅಂದಿನಿಂದ ವಿಶ್ವವಿದ್ಯಾಲಯಗಳೂ ಅವುಗಳ ಒಕ್ಕೂಟಗಳೂ ತಮ್ಮ ಪಂದ್ಯಗಳನ್ನು ತಾವೇ ಮಾರಿಕೊಳ್ಳುತ್ತ ಬಂದಿವೆ. ಬಿಗ್ ಟೆನ್ ಒಕ್ಕೂಟ 2023ರಿಂದ ಏಳು ವರ್ಷಗಳಿಗೆ ಮಾಡಿಕೊಂಡ ಪ್ರಸಾರ ಒಪ್ಪಂದದ ಮೌಲ್ಯ 700 ಕೋಟಿ ಡಾಲರ್‌ಗೂ ಹೆಚ್ಚು ಎಂದು ವರದಿಯಾಗಿದೆ. ಈ ಪ್ರಸಾರದ ಹಣದ ಸೆಳೆತದಲ್ಲೇ 2024ರಲ್ಲಿ ಲಾಸ್ ಏಂಜಲೀಸ್‌ನ ಎರಡು ವಿಶ್ವವಿದ್ಯಾಲಯಗಳು ನ್ಯೂಜೆರ್ಸಿಯ ವಿಶ್ವವಿದ್ಯಾಲಯವಿರುವ ಅದೇ ಒಕ್ಕೂಟವನ್ನು ಸೇರಿದವು. ಹೊರ ಊರಿನ ಪಂದ್ಯಕ್ಕೆ ಕಾರಿನಲ್ಲಿ ಹೋಗಿಬರುತ್ತಿದ್ದ ಅಭಿಮಾನಿ ಈಗ ಖಂಡದ ಒಂದು ತೀರದಿಂದ ಇನ್ನೊಂದಕ್ಕೆ ವಿಮಾನ ಹತ್ತಬೇಕು. ವಾಹಿನಿಗಳಿಗೂ ತುಂಬಿದ ಪ್ರೇಕ್ಷಕಾಂಗಣ ಬೇಕು. ಖಾಲಿ ಬೆಂಚುಗಳ ಮುಂದೆ ನಡೆಯುವ ಪಂದ್ಯ ಪರದೆಯ ಮೇಲೂ ಕಳೆಗುಂದುತ್ತದೆ. ಚಳಿಯಲ್ಲಿ ಕುಳಿತು ಆ ಸದ್ದು ಮಾಡುವವರು ನಾವು, ಜಾಹೀರಾತು ಮುಗಿಯುವವರೆಗೆ ಆಟಗಾರರೊಂದಿಗೆ ಸುಮ್ಮನೆ ಕಾಯುವವರೂ ನಾವು, ಅದಕ್ಕಾಗಿ ಹಣ ತೆರುವವರೂ ನಾವೇ.

ಆಟಗಾರರಿಗೆ ಹಣ ಕೊಡಬೇಕಾಗಿ ಬಂದದ್ದರಿಂದಲೇ ಬೆಲೆ ಏರಿತು ಎಂಬ ಮಾತನ್ನು ಈಗ ಹೆಚ್ಚಾಗಿ ಕೇಳುತ್ತಿದ್ದೇನೆ. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅನುಮೋದಿಸಿದ, ಕ್ರೀಡಾಪಟುಗಳಿಗೂ ಎನ್‌ಸಿಎಎಗೂ ನಡುವಿನ ಮೊಕದ್ದಮೆಯ ರಾಜಿ ಒಪ್ಪಂದದ ಪ್ರಕಾರ ಪ್ರತಿ ವಿಶ್ವವಿದ್ಯಾಲಯವೂ ತನ್ನ ಕ್ರೀಡಾಪಟುಗಳೊಂದಿಗೆ ಮೊದಲ ವರ್ಷದಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಆದಾಯ ಹಂಚಿಕೊಳ್ಳಬಹುದು. ಟೆನೆಸಿ ವಿಶ್ವವಿದ್ಯಾಲಯ ಇದನ್ನು ನಿರೀಕ್ಷಿಸಿ 2024ರ ಸೆಪ್ಟೆಂಬರ್‌ನಲ್ಲೇ ಮುಂದಿನ ವರ್ಷದ ಫುಟ್‌ಬಾಲ್ ಟಿಕೆಟ್‌ಗಳ ಮೇಲೆ ಶೇಕಡಾ 10ರ ‘ಪ್ರತಿಭಾ ಶುಲ್ಕ’ವನ್ನು ಘೋಷಿಸಿತು. ಮಾಡುವುದನ್ನು ಹೆಸರಿಟ್ಟು ಹೇಳಿದ್ದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಕಾರಣವನ್ನು ಆಟಗಾರರ ತಲೆಗೆ ಕಟ್ಟುವುದು ಅನ್ಯಾಯ. ಮಂಡಿ, ಭುಜ, ಮಿದುಳುಗಳನ್ನೇ ಪಣಕ್ಕಿಟ್ಟು ಆಡುವ ಇಪ್ಪತ್ತರ ಹರೆಯದ ಹುಡುಗರಿಗೆ ದಶಕಗಳ ಕಾಲ ಬಹುತೇಕ ವಿದ್ಯಾರ್ಥಿವೇತನವೊಂದನ್ನೇ ಕೊಟ್ಟು ಉಳಿದವರು ಶ್ರೀಮಂತರಾದರು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರ್‌ನಲ್ಲಿ ತರಬೇತುದಾರ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ತೆಗೆದಾಗ, ಒಪ್ಪಂದದಂತೆ ಅವರಿಗೆ 7.5 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೊಡಬೇಕಾಯಿತು. ಅದು ಕೆಲಸ ಮಾಡಿದ್ದಕ್ಕೆ ಕೊಟ್ಟ ಸಂಬಳವಲ್ಲ, ಕೆಲಸ ಮಾಡಬೇಡಿ ಎಂದು ಹೇಳಿದ್ದಕ್ಕೆ ತೆತ್ತ ಹಣ. ನಮ್ಮ ಟಿಕೆಟಿನ ಏರಿಕೆಯ ಬಹುಪಾಲು ಆಟಗಾರರ ಕೈಗೆ ಒಂದು ಡಾಲರ್ ಸೇರುವ ಮೊದಲೇ ನಡೆದುಹೋಗಿತ್ತು. ಆಟಗಾರರಿಗೆ ಹೋಗುವುದಾದರೆ ಹೆಚ್ಚಿನ ಹಣವನ್ನು ನಾನು ಸಮಾಧಾನದಿಂದಲೇ ಕೊಡುತ್ತಿದ್ದೆ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ.

ನಮ್ಮ ಎಡಗಡೆಯ ಆಸನದಲ್ಲಿ ಹಿರಿಯರೊಬ್ಬರು ಕುಳಿತುಕೊಳ್ಳುತ್ತಿದ್ದರು. ಅಂಚೆ ಇಲಾಖೆಯಿಂದ ನಿವೃತ್ತರಾದ ಅವರು 1978ರಿಂದ ಆ ಆಸನ ಬಿಟ್ಟವರಲ್ಲ. ಮೊದಲು ಹೆಂಡತಿಯೊಂದಿಗೆ, ಆಕೆ ತೀರಿಕೊಂಡ ಮೇಲೆ ಮಗನೊಂದಿಗೆ ಬರುತ್ತಿದ್ದರು, ಕೊನೆಯ ವರ್ಷಗಳಲ್ಲಿ ಒಬ್ಬರೇ. ನನ್ನ ಮಗಳಿಗೆ ಆಟದ ನಿಯಮಗಳನ್ನು ಕಲಿಸಿದವರು ನಾನಲ್ಲ, ಅವರು. ಆಟದ ಬಿಡುವಿನಲ್ಲಿ ಬ್ಯಾಂಡಿನವರು ಮೈದಾನಕ್ಕೆ ಇಳಿದಾಗ ಶೌಚಾಲಯಕ್ಕೆಂದು ಏಳುವವರನ್ನು ಕಂಡರೆ ಅವರಿಗೆ ಬೇಸರ. “ಮೂರು ತಿಂಗಳು ಬೆವರು ಸುರಿಸಿದ ಮಕ್ಕಳು, ಹತ್ತು ನಿಮಿಷ ಕುಳಿತು ನೋಡಿ” ಎನ್ನುತ್ತಿದ್ದರು. ಮೇಲಿನ ಸಾಲುಗಳಿಗೂ ದೇಣಿಗೆ ಕಡ್ಡಾಯವಾದ ವರ್ಷ ಅವರು ಪಿಂಚಣಿಯ ಲೆಕ್ಕ ನೋಡಿ ಆಸನ ಬಿಟ್ಟರು. ಮುಂದಿನ ಋತುವಿನಲ್ಲಿ ಆ ಜಾಗದಲ್ಲಿ ಪ್ರತಿ ಶನಿವಾರ ಹೊಸ ಮುಖ. ಮರುಮಾರಾಟದಲ್ಲಿ ಕೊಂಡವರು, ಎಷ್ಟೋ ಸಲ ಎದುರಾಳಿ ತಂಡದ ಅಂಗಿ ತೊಟ್ಟವರು. ಅವರಲ್ಲಿ ಯಾರೂ ಕೆಟ್ಟವರಲ್ಲ, ಆದರೆ ನಮ್ಮ ಮಗಳ ವಯಸ್ಸೆಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ನಮ್ಮ ಎದುರಿನ ಬದಿಯ ಹಲವು ಸಾಲು ಬೆಂಚುಗಳನ್ನು ಕಿತ್ತು ಗಾಜಿನ ಕೋಣೆಗಳನ್ನು ಕಟ್ಟಿದರು. ಆಸನಗಳ ಸಂಖ್ಯೆ ಕಡಿಮೆಯಾಯಿತು, ವಿಶ್ವವಿದ್ಯಾಲಯದ ಆದಾಯ ಹೆಚ್ಚಾಯಿತು.

ಟಿಕೆಟ್ ಬಿಟ್ಟ ಮೇಲೆ ಬಂದ ಮೊದಲ ಸೆಪ್ಟೆಂಬರ್ ನಮಗೆ ಕಷ್ಟವಾಯಿತು. ಮನೆಯ ಟಿವಿಯಲ್ಲಿ ಆಟ ಸ್ಪಷ್ಟವಾಗಿ ಕಾಣುತ್ತದೆ, ಮರುಪ್ರಸಾರವೂ ಇರುತ್ತದೆ, ಚಳಿಯಿಲ್ಲ, ಎಲ್ಲವೂ ನಿಜ; ಆದರೆ ಬಿಡುವಿನಲ್ಲಿ ಬ್ಯಾಂಡಿನ ಬದಲು ಸ್ಟುಡಿಯೋದ ಮಾತು ಬರುತ್ತದೆ. ಮೂರನೆಯ ಶನಿವಾರ ಹೆಂಡತಿಯೇ ಒಂದು ದಾರಿ ಹುಡುಕಿದಳು. ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದೂರದಲ್ಲಿ, ಕ್ರೀಡೆಗಾಗಿ ವಿದ್ಯಾರ್ಥಿವೇತನವನ್ನೇ ಕೊಡದ, ಎನ್‌ಸಿಎಎಯ ಮೂರನೆಯ ವಿಭಾಗದ ಒಂದು ಚಿಕ್ಕ ಕಾಲೇಜು ಇದೆ. ಅಲ್ಲಿ ಟಿಕೆಟಿಗೆ ಹತ್ತು ಡಾಲರ್, ವಿದ್ಯಾರ್ಥಿಗಳಿಗೆ ಉಚಿತ, ಕಾರು ನಿಲ್ಲಿಸಲು ಹುಲ್ಲಿನ ಬಯಲು. ಆಟದ ವೇಗ ಕಡಿಮೆ, ತಪ್ಪುಗಳು ಹೆಚ್ಚು, ಬ್ಯಾಂಡಿನಲ್ಲಿ ಮೂವತ್ತು ಜನವೂ ಇಲ್ಲ. ಚೆಂಡು ಹಿಡಿದವನನ್ನು ಉರುಳಿಸಿದಾಗ ಮೈಗೆ ಮೈ ಬಡಿಯುವ ಸದ್ದು ಮಾತ್ರ ನಮ್ಮ ಆಸನದವರೆಗೂ ಕೇಳಿಸುತ್ತದೆ. ದೊಡ್ಡ ಕ್ರೀಡಾಂಗಣದ ಒಂಬತ್ತನೆಯ ಸಾಲಿನಲ್ಲಿ ಹದಿಮೂರು ವರ್ಷ ಕುಳಿತರೂ ಅದು ನನಗೆ ಕೇಳಿಸಿರಲಿಲ್ಲ.

ಅಕ್ಟೋಬರ್‌ನ ಎರಡನೆಯ ಪಂದ್ಯಕ್ಕೆ ಹೊರಡುವ ಮೊದಲು ಮಗಳು ಆ ಹಿರಿಯರಿಗೆ ಫೋನ್ ಮಾಡಿದಳು. ಮುಕ್ಕಾಲು ಗಂಟೆ ಕಾರು ಓಡಿಸಿಕೊಂಡು ಅವರು ಬಂದರು, ಕಂಕುಳಲ್ಲಿ 1978ರಿಂದ ಬೆಂಚಿನ ಮೇಲೆ ಹಾಕಿಕೊಂಡು ಕೂರುತ್ತಿದ್ದ, ಅಂಚು ಹರಿದ ಕೆಂಪು ದಿಂಬು. ಬಿಡುವಿನಲ್ಲಿ ಬ್ಯಾಂಡಿನ ಮಕ್ಕಳು ಮೈದಾನಕ್ಕೆ ಇಳಿದಾಗ ನಮ್ಮ ಸಾಲಿನಲ್ಲಿ ಯಾರೂ ಏಳಲಿಲ್ಲ.