ಬಿದ್ದ ಕುರ್ಚಿ

ಅಕ್ಟೋಬರ್ 14, 2025, ಮಂಗಳವಾರ ರಾತ್ರಿ

ಬೆಳಿಗ್ಗೆಯಿಂದ ಕಲ್ಲು ತಿಕ್ಕಿ ತಿಕ್ಕಿ ರಟ್ಟೆ ಬಿದ್ದುಹೋಗಿದೆ. ಕಲ್ಲಚ್ಚು ಅಂದರೆ ಲಿಥೋಗ್ರಫಿ, ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು ಅದರಿಂದ ಅಚ್ಚು ತೆಗೆಯುವುದು. ಬಳಪದ ಜಿಡ್ಡು ಕಲ್ಲಿನೊಳಕ್ಕೆ ಇಳಿದಿರುತ್ತದೆ. ಮರಳು, ನೀರು ಹಾಕಿ ಸರಿಯಾಗಿ ತಿಕ್ಕದಿದ್ದರೆ ಹೊಸ ಚಿತ್ರದ ಅಡಿಯಿಂದ ಹಳೇ ಗೆರೆ ಎದ್ದು ಬರುತ್ತದೆ. ಇವತ್ತು ಅಳಿಸಿದ್ದು ನನ್ನದೇ ಚಿತ್ರ. ಹಿಂದಿನ ಬೀದಿಯ ಶೆಡ್‌ಗಳನ್ನು ಕೆಡವಿದಾಗ ಬರೆದದ್ದು. ದೊಡ್ಡ ಹೊಟ್ಟೆಯ ಅಧಿಕಾರಿಯೊಬ್ಬ ಮನೆಗಳನ್ನು ನುಂಗುತ್ತಿದ್ದ. ನೋಡಿದವರೆಲ್ಲ ನಕ್ಕಿದ್ದರು.

ಆ ಹೊಟ್ಟೆ ಫ್ರೆಂಚ್ ವ್ಯಂಗ್ಯಚಿತ್ರಕಾರ ಒನೋರೆ ದೋಮಿಯೆಯಿಂದ ಕಲಿತದ್ದು. ಅವನೂ ಕಲ್ಲಚ್ಚಿನಲ್ಲೇ ಬರೆಯುತ್ತಿದ್ದ. 1831ರಲ್ಲಿ ಅವನು ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ದೈತ್ಯನಾಗಿ ಬರೆದ. ಬಡವರ ದುಡ್ಡನ್ನು ಆಳುಗಳು ಬುಟ್ಟಿಯಲ್ಲಿ ಹೊತ್ತು, ಹಲಗೆ ಹತ್ತಿ ಅವನ ಬಾಯಿಗೆ ಸುರಿಯುತ್ತಾರೆ. ಅದಕ್ಕೆ ದೋಮಿಯೆಗೆ ಆರು ತಿಂಗಳು ಜೈಲು.

ಸಂಜೆ ಅಮ್ಮ ಕಾಫಿ ತಂದಾಗ ಮೇಜಿನ ಮೇಲೆ ಅವನ ಇನ್ನೊಂದು ಚಿತ್ರ ತೆರೆದಿತ್ತು.

"ಯಾರೇ ಇದು? ಕುಡಿದು ಬಿದ್ದಿದ್ದಾನಾ?"

"ಸತ್ತಿದ್ದಾನೆ ಅಮ್ಮ."

ಅಮ್ಮ ಕನ್ನಡಕ ಹಾಕಿಕೊಂಡಳು. ರಾತ್ರಿ ಅಂಗಿ, ಟೋಪಿಯಲ್ಲೇ ಮಂಚಕ್ಕೆ ಒರಗಿ ಬಿದ್ದ ಗಂಡಸು. ಸ್ವಲ್ಪ ಹೊತ್ತಾದ ಮೇಲೆ ಅವನ ಅಡಿಯಲ್ಲಿದ್ದ ಮಗು ಕಂಡಿತು. "ಅಯ್ಯೋ, ಕೂಸು" ಅಂದಳು, ಅಷ್ಟೆ.

1834ರ ಏಪ್ರಿಲ್. ಪ್ಯಾರಿಸ್‌ನಲ್ಲಿ ದಂಗೆ. ಟ್ರಾನ್ಸ್‌ನೋನೆನ್ ಬೀದಿಯ ಒಂದು ಕಟ್ಟಡದಿಂದ ಗುಂಡು ಬಂತು ಅಂತ ಸೈನಿಕರು ಒಳಗೆ ನುಗ್ಗಿ ಅಲ್ಲಿದ್ದವರನ್ನು ಕೊಂದರು. ದೋಮಿಯೆ ಇಲ್ಲಿ ದೊರೆಯನ್ನು ಬರೆದಿಲ್ಲ, ಸೈನಿಕನನ್ನೂ ಬರೆದಿಲ್ಲ. ಬರೀ ಆ ಕೋಣೆ. ಸರ್ಕಾರ ಆ ಕಲ್ಲನ್ನೇ ವಶಪಡಿಸಿಕೊಂಡಿತು, ಸಿಕ್ಕ ಪ್ರತಿಗಳನ್ನು ನಾಶ ಮಾಡಿತು. ಮರುವರ್ಷ ಬಂದ ಕಾನೂನಿನ ಪ್ರಕಾರ ಚಿತ್ರಗಳನ್ನು ಅಚ್ಚು ಹಾಕುವ ಮೊದಲೇ ಒಪ್ಪಿಗೆ ಪಡೆಯಬೇಕಿತ್ತು. ಬರಹಕ್ಕೆ ಆ ಕಟ್ಟು ಇರಲಿಲ್ಲ. ಚಿತ್ರಕ್ಕೆ ಅಷ್ಟು ಹೆದರಿದ್ದರು.

ಅಮ್ಮ ಹೊರಡುವಾಗ ತಿರುಗಿ, "ಕುರ್ಚಿ ಬಿದ್ದೇ ಇದೆ ನೋಡು. ಎತ್ತಿಡೋಕೂ ಯಾರೂ ಉಳಿದಿಲ್ಲ" ಅಂದಳು.

ಎಷ್ಟು ಸಲ ನೋಡಿದ್ದೇನೆ ಈ ಚಿತ್ರ. ಕುರ್ಚಿಯನ್ನು ಹಾಗೆ ನೋಡಿರಲಿಲ್ಲ.

ಶೆಡ್ ಕೆಡವಿದ ದಿನ ನಾನೂ ಅಲ್ಲೇ ಇದ್ದೆ. ಕೆಸರಿನಲ್ಲಿ ಒಂದು ಕುಕ್ಕರ್ ಉರುಳಿತ್ತು, ಅರ್ಧ ಬೆಂದ ಅನ್ನ ಇನ್ನೂ ಬಿಸಿ ಇತ್ತು. ಪಕ್ಕದಲ್ಲಿ ಒಂದೇ ಒಂದು ಚಿಕ್ಕ ಚಪ್ಪಲಿ. ಅದನ್ನು ಬಿಟ್ಟು ಹೊಟ್ಟೆ ಬರೆದೆ. ನಗಿಸುವುದು ಸುಲಭ ಇತ್ತು ಅಲ್ವಾ.

ಕಲ್ಲಿನ ಮೇಲೆ ಆ ಹೊಟ್ಟೆಯ ಗೆರೆ ಇನ್ನೂ ತೆಳ್ಳಗೆ ಕಾಣುತ್ತಿದೆ. ನಾಳೆ ಮತ್ತೊಮ್ಮೆ ತಿಕ್ಕಬೇಕು. ಕುಕ್ಕರ್‌ನ ಮುಚ್ಚಳ ಎಲ್ಲಿ ಬಿದ್ದಿತ್ತು? ಚಪ್ಪಲಿಯ ಎಡಕ್ಕೋ, ಇಲ್ಲಾ ಆ ತಗಡಿನ ಹತ್ತಿರ