ಕೆಜಿಎಫ್‌ನಲ್ಲಿ ಒಂದು ಆಷಾಢದ ದಿನ

"ಬರೋದಾದ್ರೆ ಕಪ್ಪು ಬಟ್ಟೆ ಹಾಕ್ಕೊಂಡು ಬರಬೇಡ" ಅಂತ ಗೆಳತಿ ಹಿಂದಿನ ರಾತ್ರಿಯೇ ಮೆಸೇಜ್ ಮಾಡಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ. ಆಷಾಢ ಅಲ್ವಾ, ಏನೋ ನಂಬಿಕೆ ಇರಬೇಕು ಅಂದುಕೊಂಡೆ. ಒಗೆದಿಟ್ಟಿದ್ದು ಒಂದೇ ಒಂದು ಜೀನ್ಸ್, ಅದೂ ಕಪ್ಪು. ಅದನ್ನೇ ಹಾಕಿಕೊಂಡು ಬೆಂಗಳೂರಿನಲ್ಲಿ ರೈಲು ಹತ್ತಿದೆ. 2024ರ ಜುಲೈ ಅದು.

ಬೆಳಿಗ್ಗೆ ಆ ಕಡೆ ಹೋಗುವ ರೈಲು ಖಾಲಿ ಖಾಲಿ. ಎದುರಿಗೆ ಬರುವ ರೈಲು ಮಾತ್ರ ಬಾಗಿಲವರೆಗೂ ತುಂಬಿತ್ತು. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಲ್ಲಿಂದ ಆಚೆಗೆ ಆ ಊರಿನ ಎಷ್ಟೋ ಮನೆಗಳ ಅನ್ನ ಇರೋದು ಈ ರೈಲಿನಲ್ಲೇ. ಸುಮಾರು 100 ಕಿ.ಮೀ. ಹೋಗಿ ಕೆಲಸ ಮಾಡಿ, ರಾತ್ರಿ ಅಷ್ಟೇ ದೂರ ವಾಪಸ್. ಗೆಳತಿಯೂ ಮದುವೆಗೆ ಮುಂಚೆ ವರ್ಷಗಟ್ಟಲೆ ಹೀಗೇ ಓಡಾಡಿದವಳು. ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು ಅಂತಾಳೆ.

ಬಂಗಾರಪೇಟೆ ದಾಟಿದರೆ ಸ್ಟೇಷನ್‌ಗಳಿಗೂ ಗಣಿಗಳದೇ ಹೆಸರು. ಕೋರಮಂಡಲ್, ಊರ್ಗಾಂ, ಚಾಂಪಿಯನ್. ಕಿಟಕಿಯಿಂದ ಒಂದು ಗುಡ್ಡ ಕಾಣಿಸಿತು. ತಲೆ ಚಪ್ಪಟೆ, ಮೈಯೆಲ್ಲ ಬೂದಿ ಬಿಳುಪು. ಮಳೆ ನೀರು ಕೊರೆದ ಗೀರುಗಳು ಮೇಲಿನಿಂದ ಕೆಳಗಿನವರೆಗೆ. ಅಲ್ಲಲ್ಲಿ ಒಂದೆರಡು ಗಿಡ ಬಿಟ್ಟರೆ ಹಸಿರೇ ಇಲ್ಲ. ಎಷ್ಟೋ ಸಿನಿಮಾ ಹಾಡುಗಳಲ್ಲಿ ನೋಡಿದ್ದೆ, ಯಾವುದೋ ಮರುಭೂಮಿ ಅಂದುಕೊಂಡಿದ್ದೆ. ಇದೇ ಗಣಿಯ ಕಸ ಸುರಿದ ಸೈನೈಡ್ ದಿಬ್ಬ ಅಂತ ಆವತ್ತೇ ಗೊತ್ತಾಗಿದ್ದು.

ಗೆಳತಿಯ ಅಪ್ಪ 1974ರಲ್ಲಿ ಗಣಿ ಸೇರಿದವರು. ಮುಚ್ಚುವ ದಿನದವರೆಗೂ ಇದ್ದರು. ತಮಿಳು ಬೆರೆತ ಕನ್ನಡ ಅವರದು. ಬ್ರಿಟಿಷರ ಕಾಲದಲ್ಲಿ ಆರ್ಕಾಟ್, ಸೇಲಂ ಕಡೆಯಿಂದ ಕೆಲಸಕ್ಕೆ ಬಂದವರ ಮೊಮ್ಮಗ. ನಾನು ಕೂತ ಕೂಡಲೇ ಕನ್ನಡಕದ ಡಬ್ಬಿ ತೆಗೆದರು. ಒಳಗೆ ಕನ್ನಡಕ ಇರಲಿಲ್ಲ, ಒಂದು ಹಿತ್ತಾಳೆ ಬಿಲ್ಲೆ ಇತ್ತು. ಅವರ ಟೋಕನ್. ಅಂಚು ಸವೆದು ನುಣ್ಣಗಾಗಿತ್ತು, ನಂಬರಿನ ಕೊನೆಯ ಅಂಕಿ ಅರ್ಧ ಅಳಿಸಿತ್ತು. ಶಿಫ್ಟಿಗೆ ಇಳಿಯುವಾಗ ತಗೊಳ್ಳೋದು, ಮೇಲೆ ಬಂದಾಗ ವಾಪಸ್ ಕೊಡೋದು. ಸಂಜೆ ಬೋರ್ಡಿನಲ್ಲಿ ಯಾವ ಮೊಳೆ ಖಾಲಿಯೋ ಆ ನಂಬರಿನ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ಲೆಕ್ಕ. ಕೊನೆಯ ದಿನ ಅವರು ವಾಪಸ್ ಕೊಟ್ಟಿರಲಿಲ್ಲ. ಯಾರೂ ಕೇಳಲೂ ಇಲ್ಲವಂತೆ.

ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿ ಅದಕ್ಕೂ ಜಾಗ ಇತ್ತು. ಅಷ್ಟು ಕೆಳಕ್ಕೆ ಒಂದೇ ಸಲ ಇಳಿಯೋಕೆ ಆಗಲ್ಲ. ಒಂದು ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಕೇಜು ಹತ್ತಬೇಕು. ತೀರಾ ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಣ್ಣನೆ ಗಾಳಿ ತಳ್ಳುತ್ತಿದ್ದರಂತೆ. "ಆ ಗಾಳಿ ನಮ್ಮ ಹತ್ರ ಬರೋ ಹೊತ್ತಿಗೆ ಅದಕ್ಕೇ ಬೆವರು ಬಂದಿರ್ತಿತ್ತು" ಅಂತ ನಕ್ಕರು. ಈ ಗಣಿಗೋಸ್ಕರ ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಬಂದ ಕಥೆಯೂ ಬಂತು. ಕೆಜಿಎಫ್‌ನಲ್ಲಿ ಅದನ್ನು ಹೇಳದೆ ಯಾರೂ ಕಾಫಿ ಕೊಡಲ್ಲ ಅನ್ನಿಸುತ್ತೆ.

ಆದರೆ ಆವತ್ತು ಜಾಸ್ತಿ ಮಾತಾಡಿದ್ದು ಅವರಲ್ಲ, ಅವರ ಹೆಂಡತಿ. ಏರ್ ಬ್ಲಾಸ್ಟ್ ಬಗ್ಗೆ. ಹೆಸರಲ್ಲಿ ಏರ್ ಇದೆ ಅಷ್ಟೇ, ಗಾಳಿಗೂ ಅದಕ್ಕೂ ಸಂಬಂಧ ಇಲ್ಲ. ಕೆಳಗೆ ಬಂಡೆ ಕೊರೆದು ಟೊಳ್ಳು ಮಾಡುತ್ತಾ ಹೋದಂತೆ, ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಡೆಯಲಾಗದ ಒಂದು ಗಳಿಗೆಯಲ್ಲಿ ಆ ಬಂಡೆ ಸಿಡಿಯುತ್ತದೆ. ಇಲ್ಲಿ ಅಡುಗೆಮನೆಯ ಗೂಡಿನಲ್ಲಿ ಲೋಟ, ತಟ್ಟೆ ಎಲ್ಲ ಗಲಗಲ ಅನ್ನುತ್ತಿದ್ದವು. ಕಾರ್ಮಿಕರ ಲೈನ್ ಮನೆಗಳಿಂದ ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟ್ ಕಡೆ ಹೋಗಿ ನಿಲ್ಲುತ್ತಿದ್ದರು. "ಯಾರೂ ಅಳ್ತಿರಲಿಲ್ಲ. ಯಾರ ಮನೆಯದು ಅಂತ ಗೊತ್ತಾಗೋ ತನಕ ಅಳೋಕೆ ಹೆದರಿಕೆ" ಅಂದರು. ಗಣಿ ಮುಚ್ಚಿ ಪಂಪ್‌ಗಳು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿಕೊಂಡಿತು. ಆಮೇಲೂ ನೆಲ ಆಗಾಗ ಸಣ್ಣಗೆ ನಡುಗುತ್ತಿತ್ತು. ಗೂಡಿನ ಲೋಟ ಅಲ್ಲಾಡಿದರೆ ಇವರು ಗಂಡ ಎಲ್ಲಿದ್ದಾರೆ ಅಂತ ತಿರುಗಿ ನೋಡುತ್ತಿದ್ದರಂತೆ. ಗಂಡ ಪಕ್ಕದ ಕುರ್ಚಿಯಲ್ಲೇ ಪೇಪರ್ ಓದುತ್ತಾ ಕೂತಿರುತ್ತಿದ್ದರು.

ಮಾತಾಡುತ್ತಲೇ ಆಕೆ ನೀರಿನ ಬಿಂದಿಗೆಗೆ ತಟ್ಟೆ, ತಟ್ಟೆಯ ಮೇಲೆ ಬಟ್ಟೆ ಮುಚ್ಚಿದರು. ಆಗ ನೋಡಿದೆ, ಮನೆಯಲ್ಲಿ ತೊಳೆದಿಟ್ಟ ಪಾತ್ರೆಗಳೆಲ್ಲ ಬೋರಲು. ಪಶ್ಚಿಮದ ಕಿಟಕಿಗೆ ಒದ್ದೆ ಗೋಣಿ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ ಎರಡು ಕಡೆ ಕಟ್ಟಿತ್ತು. ಒಂದು ಮಾಮೂಲಿ ದಿನಕ್ಕೆ, ಇನ್ನೊಂದು ಗೋಡೆಯ ಮರೆಯಲ್ಲಿ, ಗಾಳಿ ದಿನಕ್ಕೆ.

ನನಗೋ ದಿಬ್ಬ ಹತ್ತುವ ಹುಚ್ಚು. ಬೇಡ ಅಂದರೂ ಗೆಳತಿಯನ್ನು ಎಳೆದುಕೊಂಡು ಹೋದೆ. ದೂರದಿಂದ ಗಟ್ಟಿಯಾಗಿ ಕಾಣುವ ಗುಡ್ಡ ಹತ್ತಿರ ಹೋದರೆ ಮೈದಾ ಹಿಟ್ಟು. ಮೇಲೊಂದು ತೆಳು ಪದರ ಗಟ್ಟಿ, ಅದರಡಿ ಎಲ್ಲ ಪುಡಿ. ಮಳೆ ಕೊರೆದ ಒಂದು ಸಂದಿಯ ಅಂಚಿನಲ್ಲಿ ಕಾಲಿಟ್ಟೆ, ಅಂಚು ಕುಸಿಯಿತು. ಮೊಣಕಾಲವರೆಗೆ ಇಳಿದು, ಕೂತು, ಜಾರಿ ಕೆಳಗೆ ಬಂದೆ. ಪೆಟ್ಟೇನೂ ಆಗಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದಿತು. ಆಷಾಢದ ಗಾಳಿ ಗೊತ್ತಲ್ಲ, ಮಳೆ ತರದಿದ್ದರೂ ಬೀಸೋದು ಬಿಡಲ್ಲ. ದಿಬ್ಬದ ನೆತ್ತಿಯಿಂದ ಹೊಗೆಯ ಹಾಗೆ ಒಂದು ಬಿಳಿ ಪರದೆ ಎದ್ದು ಮನೆಗಳ ಕಡೆ ಹೊರಟಿತು. ಕಣ್ಣು ಉರಿ, ಹಲ್ಲಿನ ನಡುವೆ ಕರಕರ. ಕಪ್ಪು ಜೀನ್ಸ್ ಸೊಂಟದವರೆಗೂ ಬೂದಿ ಬಣ್ಣ. ಗೆಳತಿ ಏನೂ ಹೇಳಲಿಲ್ಲ, ಸುಮ್ನೆ ನನ್ನ ಪ್ಯಾಂಟ್ ನೋಡಿದಳು.

ವಾಪಸ್ ಬಂದಾಗ ಅವಳ ಅಪ್ಪ ಬೈದರು. ಬೈದ ಮೇಲೆ ಪುಡಿಯ ಕಥೆ ಹೇಳಿದರು. ಕೆಳಗಿನಿಂದ ಬಂದ ಕಲ್ಲನ್ನು ಮಿಲ್ಲಿನಲ್ಲಿ ಹಿಟ್ಟು ಮಾಡಬೇಕು. ಕಲ್ಲಿನೊಳಗಿನ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೇ ಅಷ್ಟು ನುಣ್ಣಗೆ. ಹಿಟ್ಟನ್ನು ಸೈನೈಡ್ ನೀರಿನಲ್ಲಿ ಕಲಸಿದರೆ ಚಿನ್ನ ಅದರಲ್ಲಿ ಕರಗುತ್ತದೆ. ಆ ನೀರಿಗೆ ಸತುವಿನ ಪುಡಿ ಹಾಕಿದರೆ ಚಿನ್ನ ಬೇರೆಯಾಗುತ್ತದೆ. ಉಳಿದ ಕೆಸರನ್ನು ತಂದು ಸುರಿಯೋದು. ಅದೇ ಒಣಗಿ ದಿಬ್ಬವಾಗಿದ್ದು. ಬಿಸಿಲಿಗೆ ಸೈನೈಡ್ ಬಹುಪಾಲು ಒಡೆದುಹೋಗುತ್ತದೆ. ಹೆಸರು ಕೇಳಿ ಜನ ಹೆದರೋದು ಅದಕ್ಕೇ, ಆದರೆ ನನಗನ್ನಿಸಿದ್ದು, ಹೆದರಬೇಕಾದ್ದು ಆ ಕಲ್ಲಿನ ಹಿಟ್ಟಿಗೆ. ಅದು ಒಡೆಯಲ್ಲ, ಕರಗಲ್ಲ. ಎದೆಗೂಡಿಗೆ ಹೋದರೆ ಅಲ್ಲೇ ಕೂರುತ್ತದೆ.

ಅದಕ್ಕೆ ಸಿಲಿಕೋಸಿಸ್ ಅಂತ ಹೆಸರು. 1940ರ ದಶಕದಲ್ಲಿ ಇದೇ ಗಣಿಯ ಕಾರ್ಮಿಕರ ತಪಾಸಣೆ ನಡೆದಾಗ, ನೋಡಿದವರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನಕ್ಕೆ ಅದು ಇತ್ತು. ಗೆಳತಿಯ ಅಪ್ಪನಿಗೂ ಎರಡು ಮಾತಿಗೊಮ್ಮೆ ಕೆಮ್ಮು. ಒಂದು ಆಸ್ಪತ್ರೆಯಲ್ಲಿ ಚೀಟಿಯ ಮೇಲೆ ಆಸ್ತಮಾ ಅಂತ ಬರೆದರಂತೆ. ಆಸ್ತಮಾಕ್ಕೆ ಮಾತ್ರೆ ಸಿಗುತ್ತದೆ, ಗಣಿ ಕೆಲಸದಿಂದ ಬಂದ ಕಾಯಿಲೆಗೆ ಕೊಡುವ ಪರಿಹಾರದ ಹಣ ಸಿಗಲ್ಲ. "ಏನಂತ ಬರೆದ್ರೂ ಕೆಮ್ಮು ಅದೇ ಅಲ್ವಾ" ಅಂದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಗೆಳತಿಗೂ ಆಗಲಿಲ್ಲ ಅಂತ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಊಟ ಆದ ಮೇಲೆ ಒಂದು ಲೆಕ್ಕ ಮಾಡಿದೆವು. ಸುಮಾರು 120 ವರ್ಷದಲ್ಲಿ ಇಲ್ಲಿಂದ ಬಂದ ಚಿನ್ನ 800 ಟನ್ ಹತ್ತಿರ. ದಿಬ್ಬಗಳಲ್ಲಿ ಬಿದ್ದಿರುವ ಪುಡಿ ಸುಮಾರು 3.3 ಕೋಟಿ ಟನ್. ಅಂದರೆ ಒಂದು ಗ್ರಾಂ ಚಿನ್ನಕ್ಕೆ 40 ಕೆ.ಜಿ. ಪುಡಿ. ನನ್ನ ಕತ್ತಿನಲ್ಲಿದ್ದ ಸರ 8 ಗ್ರಾಂ. ಅದಕ್ಕೆ 300 ಕೆ.ಜಿ. ದಾಟುತ್ತದೆ. ಅದೂ ಒಳ್ಳೆಯ ಕಾಲವನ್ನೂ ಸೇರಿಸಿಕೊಂಡ ಸರಾಸರಿ. ಮೊದಮೊದಲು ಒಂದು ಟನ್ ಕಲ್ಲಿಗೆ 47 ಗ್ರಾಂವರೆಗೆ ಸಿಗುತ್ತಿತ್ತು, ಕೊನೆಗಾಲಕ್ಕೆ 3 ಗ್ರಾಂ ಹತ್ತಿರಕ್ಕೆ ಇಳಿದಿತ್ತು. ಆಗಿನ ಲೆಕ್ಕದಲ್ಲಾದರೆ ನನ್ನ ಸರಕ್ಕೆ ಸುಮಾರು ಒಂದು ಟ್ರ್ಯಾಕ್ಟರ್ ಲೋಡ್. ಚಿನ್ನ ರೈಲು ಹತ್ತಿ ಹೋಯಿತು, ಲೋಡು ಇಲ್ಲೇ ಇಳಿಯಿತು. ನಾನು ಸರವನ್ನು ಕುರ್ತಾದ ಒಳಗೆ ಹಾಕಿಕೊಂಡೆ. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ.

ಹಿಂದಿನ ತಿಂಗಳಷ್ಟೇ ಪೇಪರಿನಲ್ಲಿ ಸುದ್ದಿ ಬಂದಿತ್ತು. 1,003 ಎಕರೆಯಲ್ಲಿರುವ 13 ದಿಬ್ಬಗಳನ್ನು ಮತ್ತೆ ಅಗೆದು, ಉಳಿದ ಚಿನ್ನ ತೆಗೆಯಲು ರಾಜ್ಯ ಸಚಿವ ಸಂಪುಟ ಒಪ್ಪಿದೆ ಅಂತ. ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಹುಡುಗರಿಗೆ ಕೆಲಸ ಸಿಗುತ್ತದೆ, ರೈಲಿನ ಪಾಡು ತಪ್ಪುತ್ತದೆ ಅಂತ ಪಕ್ಕದ ಮನೆಯವರಿಗೆ ಖುಷಿ. ಗೆಳತಿಗೆ ಅನುಮಾನ. ಮಷಿನ್ ಬಂದರೆ ಜನ ಎಷ್ಟು ಬೇಕು? ಕೂತ ಪುಡಿಯನ್ನು ಮತ್ತೆ ಎಬ್ಬಿಸಿದರೆ ಯಾರ ಮನೆಗೆ ಹೋಗುತ್ತದೆ? ಅಪ್ಪ ಮಾತ್ರ ಇಬ್ಬರ ಮಾತಿಗೂ ತಲೆ ಆಡಿಸಿದರು. "ತೆಗೀಲಿ. ಎಷ್ಟು ಉಳಿದಿದೆ ಅಂತ ನನಗೂ ನೋಡಬೇಕು" ಅಂದರು. ಅದು ಗಣಿಯವನ ಮಾತು, ಅದರಲ್ಲಿ ಲಾಭ ನಷ್ಟ ಇರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಇತ್ತೇನೋ.

ಹೊರಡುವಾಗ ಗೆಳತಿಯ ಅಮ್ಮ ಹಿತ್ತಲಿಗೆ ಕರೆದು ಪೊರಕೆಯಿಂದ ನನ್ನ ಜೀನ್ಸ್ ಕೊಡವಿದರು. ಪುಡಿ ಎದ್ದು ಅವರ ಮೇಲೇ ಬಿತ್ತು. ಬೇಡ ಅಂದರೂ ಬಿಡಲಿಲ್ಲ. ಕೊಡವುತ್ತಲೇ ಕೇಳಿದರು: "ನೀನು ಓದಿದವಳು, ಹೇಳು. ಆ ಕಡೆ ದಿಬ್ಬ ಅಗೆಯೋಕೆ ಶುರು ಮಾಡಿದ್ರೆ ನಾನು ತಂತಿ ಯಾವ ಕಡೆ ಕಟ್ಟಲಿ?"

ಗೋಡೆಯ ಮರೆಯ ತಂತಿಯಲ್ಲಿ ಎರಡು ಲುಂಗಿ, ಒಂದು ಟವೆಲ್ ನೇತಾಡುತ್ತಿದ್ದವು. ಅವುಗಳಲ್ಲಿ ಒಂದೂ ಕಪ್ಪು ಇರಲಿಲ್ಲ.