ರಂಗಯ್ಯನದುರ್ಗದ ಬಿಳಿರೆಕ್ಕೆಯ ನವಿಲು

ಜಗಳೂರು ದಾಟಿ ರಂಗಯ್ಯನದುರ್ಗದ ಕಡೆ ಹೊರಟರೆ ಕಾಡಿಗಿಂತ ಮೊದಲು ಸಿಗುವುದು ಮೆಕ್ಕೆಜೋಳ. ನವರಾತ್ರಿ ಕಳೆದ ವಾರ, ಕಟಾವಾದ ಹೊಲವೊಂದರ ಬದುವಿನಲ್ಲಿ ಆರು ಹೆಣ್ಣು ನವಿಲು ಉದುರಿದ ಕಾಳು ಹೆಕ್ಕುತ್ತಿದ್ದವು. ಎಲ್ಲೋ ನಾಯಿ ಬೊಗಳಿತು, ಆರೂ ಎದ್ದವು. ಐದರ ರೆಕ್ಕೆ ಎಂದಿನ ಕಂದು. ಆರನೆಯದರ ಎರಡೂ ರೆಕ್ಕೆಯ ತುದಿ ಸುಣ್ಣ ಬಳಿದ ಹಾಗೆ ಬಿಳಿ.

ದಾವಣಗೆರೆಯಲ್ಲಿ ಕಳೆದ ಎರಡು ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಣ್ಣೆ ದೋಸೆಗಿಂತ ಸಂಜೆಯ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯೇ ಮೇಲು. ರಂಗಯ್ಯನದುರ್ಗ ನಾಲ್ಕು ಕೊಂಬಿನ ಕೊಂಡುಕುರಿಗೆಂದು 2011ರಲ್ಲಿ ಘೋಷಣೆಯಾದ ವನ್ಯಧಾಮ, ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿ ಕಾಣಲಿಲ್ಲ. ಬಿಳಿರೆಕ್ಕೆಯ ನವಿಲು ಮಾತ್ರ ಮೂರು ಬೆಳಗ್ಗೆ ಅದೇ ಬದುವಿಗೆ ಬಂತು.

ಬಿಳಿ ಗರಿ ಕಂಡ ಕೂಡಲೇ ಜನ ‘ಅಲ್ಬಿನೊ’ ಅನ್ನುತ್ತಾರೆ. ಹಾಗನ್ನುವ ಮೊದಲು ಕಣ್ಣು ನೋಡಬೇಕು. ಅಲ್ಬಿನೊ ಹಕ್ಕಿಯ ದೇಹ ಕಪ್ಪು, ಕಂದು ಬಣ್ಣ ಕೊಡುವ ಮೆಲನಿನ್ ತಯಾರಿಸುವುದೇ ಇಲ್ಲ. ಹಾಗಾಗಿ ಕಣ್ಣು ಕೆಂಪು, ದೃಷ್ಟಿ ಮಂದ, ಕಾಡಿನಲ್ಲಿ ಬಹಳ ದಿನ ಉಳಿಯುವುದಿಲ್ಲ. ಈ ಹೆಣ್ಣಿನ ಕಣ್ಣು ಕಪ್ಪಾಗಿತ್ತು, ಕತ್ತಿನ ಹಸಿರು ಹೊಳಪೂ ಹಾಗೇ ಇತ್ತು. ಇದು ಲ್ಯೂಸಿಸಂ. ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವಾಗ ಬಣ್ಣದ ಕೋಶಗಳು ಬೆನ್ನಿನ ಕಡೆಯಿಂದ ಹೊರಟು ಮೈತುಂಬ ಹರಡಬೇಕು. ಅರ್ಧ ದಾರಿಯಲ್ಲೇ ನಿಂತರೆ ಬೆನ್ನಿಗೆ ದೂರದ ಜಾಗಗಳು, ಅಂದರೆ ರೆಕ್ಕೆಯ ತುದಿ, ಮುಖ, ಹೊಟ್ಟೆ, ಬಿಳಿಯಾಗಿಯೇ ಉಳಿಯುತ್ತವೆ. ಮೃಗಾಲಯದ ಅಚ್ಚ ಬಿಳಿ ನವಿಲೂ ಅಲ್ಬಿನೊ ಅಲ್ಲ, ಮೈಯೆಲ್ಲ ಲ್ಯೂಸಿಸಂ ಆವರಿಸಿದ ಹಕ್ಕಿ.

ಇನ್ನೊಂದು ಸಾಧ್ಯತೆ ನರೆ. ಮನುಷ್ಯರ ಕೂದಲಿನಂತೆ ಹಕ್ಕಿಯ ಗರಿಯೂ ನರೆಯುತ್ತದೆ, ಗರಿ ಉದುರಿ ಹೊಸದು ಬಂದಾಗಲೆಲ್ಲ ಬಿಳಿ ಹೆಚ್ಚುತ್ತದೆ. ಆದರೆ ನರೆ ಶುರುವಿನಲ್ಲಿ ಅಲ್ಲೊಂದು ಇಲ್ಲೊಂದು ಗರಿಗೆ ಬರುತ್ತದೆ. ಇಲ್ಲಿ ತುದಿಯ ಹಾರುಗರಿಗಳ ಗುಂಪೇ, ಎಡಕ್ಕೆಷ್ಟೋ ಬಲಕ್ಕೂ ಹೆಚ್ಚುಕಡಿಮೆ ಅಷ್ಟೇ, ಬಿಳಿಯಾಗಿತ್ತು. ಒಂದೇ ಬದಿಯ ಚಿತ್ರ ಇಟ್ಟುಕೊಂಡು ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಎರಡೂ ರೆಕ್ಕೆ ಬಿಚ್ಚಿದ ಚಿತ್ರ ಬೇಕು.

ಆ ಚಿತ್ರವೇ ಮೊದಲ ದಿನ ಹಾಳಾಯಿತು. ಹಿಂದೆ ಕಪ್ಪು ಮಣ್ಣು, ಮುಂದೆ ಬಿಳಿ ಗರಿ. ಇಡೀ ದೃಶ್ಯ ಕತ್ತಲಾಗಿದೆಯೆಂದು ಲೆಕ್ಕ ಹಾಕಿದ ಕ್ಯಾಮೆರಾ ಬೆಳಕು ಏರಿಸಿತು, ರೆಕ್ಕೆ ಗರಿಗೆರೆಗಳಿಲ್ಲದ ಕಾಗದವಾಯಿತು. ಇಂಥ ಹಕ್ಕಿಗೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧಕ್ಕೆ), ಬಿಸಿಲೇರಿದರೆ ಒಂದೂವರೆ ಸ್ಟಾಪ್ ಇಳಿಸಿ, ಕ್ಯಾಮೆರಾ ಹಿಡಿದದ್ದನ್ನು ಹಾಗೇ ಉಳಿಸುವ ‘ರಾ’ ಫೈಲ್‌ನಲ್ಲೇ ತೆಗೆಯಬೇಕು. ನೆರಳಿನ ವಿವರವನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳಿ ವಾಪಸ್ ಬರುವುದಿಲ್ಲ. ಹಾರುವಾಗ ಷಟರ್ ವೇಗ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗಕ್ಕಿಂತ ನಿಧಾನವಿರಬಾರದು. ಎರಡನೆಯ ದಿನದ್ದು ಬೇರೆ ಕಥೆ. ಐದಕ್ಕೇ ಏಳಿಸುತ್ತೇವೆಂದ ಲಾಡ್ಜಿನವರು ಬಾಗಿಲ ಷಟರ್‌ಗೆ ಬೀಗ ಹಾಕಿ ಆರೂವರೆವರೆಗೆ ಮಲಗಿದ್ದರು. ಬೆಳಕು ಹರಿಯುವ ಹೊತ್ತಿಗೇ ನವಿಲು ಮರದಿಂದ ಇಳಿದುಬಿಡುತ್ತದೆ. ಬೀಗದ ಕೀಲಿ ಎಲ್ಲಿರುತ್ತದೆಂದು ರಾತ್ರಿಯೇ ಕೇಳಿಕೊಳ್ಳಿ, ಮಾತಿನ ಭರವಸೆ ಸಾಲದು.

ಮೂರನೆಯ ಬೆಳಗ್ಗೆ ಹೊಲದ ಯಜಮಾನರು ಬದುವಿನ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದವರು, ಎಳೆಯ ವಯಸ್ಸಿನಲ್ಲಿ ಅಪ್ಪನ ಜೊತೆ, ಪಂಜರದ ಹಕ್ಕಿಯನ್ನು ಕೂಗಿಸಿ ಗೌಜಲಹಕ್ಕಿಗೆ ಉರುಲು ಕಟ್ಟಿದವರು.

‘ಬಿಳೆ ಗೌಜಲ ನೋಡೀರಾ ಯಜಮಾನ್ರೇ?’

‘ಪೂರಾ ಬಿಳೇದು ಇಲ್ಲ ಸಾರ್. ಬೂದಿ ಕಲಸ್ದಂಗೆ ಇರೋದು ಒಂದು ಸಿಕ್ಕಿತ್ತು. ಕೂಗೋ ಹಕ್ಕಿ ಮಾಡಾಣ ಅಂದೆ. ಅಪ್ಪ ಬ್ಯಾಡ ಅಂದ.’

‘ಯಾಕೆ?’

‘ಪಂಜರ್ದಾಗೆ ಇಟ್ಟು ಕೂಗಿಸ್ದ್ರೆ ಗೌಜಲಕ್ಕಿಂತ ಮೊದ್ಲು ಡೇಗೆ ಬರ್ತೈತಲ್ಲ. ಎಲ್ಡು ಫರ್ಲಾಂಗಿಂದ ಕಾಣ್ತೈತೆ ಆ ಬಣ್ಣ.’

ಬೇರೆ ಬಣ್ಣದ ಹಕ್ಕಿ ಕಾಡಿನಲ್ಲಿ ಯಾಕೆ ಅಪರೂಪ ಎನ್ನುವುದಕ್ಕೆ ಅರ್ಧ ಉತ್ತರ ಈ ಮಾತಿನಲ್ಲೇ ಇದೆ. ಚನ್ನಗಿರಿ ಕಡೆಯ ಕಾಡಂಚಿನಲ್ಲಿ ಬಿಳಿ ಮಚ್ಚೆಯ ಕಾಡುಹುಂಜ ಕಂಡದ್ದನ್ನೂ ಹೇಳಿದರು. ಅದಕ್ಕೆ ಅವರ ಲೆಕ್ಕ: ‘ಊರ ಹ್ಯಾಟೆ ಕಾಡಿಗೆ ಮೇಯಾಕೆ ಹೋಗಿರ್ತೈತೆ.’ ಈ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಬೂದು ಕಾಡುಕೋಳಿಗೂ ನಾಟಿಕೋಳಿಗೂ ಕೂಡಿಕೆ ಆಗುತ್ತದೆ. ನಾಟಿಕೋಳಿಯ ಹಳದಿ ಚರ್ಮದ ಗುಣ ಬಂದದ್ದೇ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಂಶವಾಹಿ ಅಧ್ಯಯನ ತೋರಿಸಿತು. ಮಚ್ಚೆಯ ಹುಂಜ ಕಂಡರೆ ಕತ್ತಿನ ಗರಿ ನೋಡಿ. ಶುದ್ಧ ಬೂದು ಕಾಡುಹುಂಜದ ಕತ್ತಿನ ಗರಿಯ ತುದಿಯಲ್ಲಿ ಮೇಣ ತೊಟ್ಟಿಕ್ಕಿದಂಥ ಹಳದಿ ಚುಕ್ಕೆ ಇರಬೇಕು. ಅದಿಲ್ಲದಿದ್ದರೆ ಕೂಡಿಕೆಯ ಅನುಮಾನ ಸರಿ. ಆದರೆ ಮಳೆಗಾಲದ ಆಸುಪಾಸಿನಲ್ಲಿ ಹುಂಜ ಆ ಗರಿಗಳನ್ನೇ ಉದುರಿಸಿ ಮಂಕಾಗಿರುತ್ತದೆ, ಆಗ ತೀರ್ಮಾನಕ್ಕೆ ಹೋಗಬಾರದು.

ನವಿಲಿನಲ್ಲೂ ಹೀಗೆ ಮೋಸಹೋಗುವ ಜಾಗಗಳಿವೆ. ಎಳೆಯ ಗಂಡು ಹಾರುವಾಗ ರೆಕ್ಕೆಯ ಇಟ್ಟಿಗೆಗೆಂಪು ಹೊಳೆದು ‘ಕೆಂಪು ನವಿಲು’ ಆಗುತ್ತದೆ. ಕೆಮ್ಮಣ್ಣಿನಲ್ಲಿ ಹೊರಳಾಡಿ ಎದ್ದ ಹೆಣ್ಣು ಒಂದು ಮಳೆ ಬೀಳುವವರೆಗೆ ಬೇರೆಯೇ ಜಾತಿ. ಮುದಿ ಹೆಣ್ಣಿನ ಅಂಡಾಶಯ ಕೆಲಸ ನಿಲ್ಲಿಸಿದರೆ ಮುಂದಿನ ಸಲ ಗಂಡಿನ ಗರಿಯೇ ಮೂಡಬಹುದು, ಏಕೆಂದರೆ ಈ ಕುಟುಂಬದಲ್ಲಿ ಗರಿಯನ್ನು ಹೆಣ್ಣಾಗಿಡುವುದು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು. ಸಾಕಿದ ಹಿಂಡುಗಳಲ್ಲಿ ಹುಟ್ಟಿದ ‘ಕಪ್ಪು ಹೆಗಲಿನ’ ತಳಿಯ ಹೆಣ್ಣು ಮೈಯೆಲ್ಲ ಮಾಸಲು ಬಿಳಿ. ಅದನ್ನು 1860ರಲ್ಲಿ ಬೇರೆ ಪ್ರಭೇದವೆಂದೇ ಹೆಸರಿಸಿದ್ದರು, ಡಾರ್ವಿನ್ 1868ರಲ್ಲಿ ಅಲ್ಲ ಎಂದು ವಾದಿಸಿದ. ನಮ್ಮ ಆರನೆಯ ಹೆಣ್ಣಿನ ಬೆನ್ನು ಕಂದಾಗಿದ್ದರಿಂದ ಆ ಅನುಮಾನ ಅಲ್ಲಿಗೇ ಮುಗಿಯಿತು.

ನವಿಲಿನ ಬಂಧು ಫೆಸೆಂಟ್ ಹಕ್ಕಿಯನ್ನು 1880ರ ದಶಕದಲ್ಲಿ ಚೀನಾದಿಂದ ಅಮೆರಿಕದ ಒರೆಗಾನ್‌ಗೆ ಒಯ್ದು ಬಿಟ್ಟರು. ಇಂಗ್ಲೆಂಡ್, ಅಮೆರಿಕಗಳ ಬೇಟೆಗಾರರಿಗೆ ಇಂದಿಗೂ ಆಗೀಗ ಮಸಿಹಸಿರು, ಕೆನೆಬಣ್ಣ, ಅಚ್ಚ ಬಿಳಿಯ ಫೆಸೆಂಟ್ ಸಿಗುತ್ತವೆ. ಅಲ್ಲಿ ಬೇಟೆಗೆಂದೇ ಫಾರಂನಲ್ಲಿ ಬೆಳೆಸಿ ಬಿಡುವ ಪದ್ಧತಿಯಿದೆ. ಫಾರಂನಲ್ಲಿ ಆರಿಸಿ ಬೆಳೆಸಿದ ಬಣ್ಣ ಕಾಡಿಗೂ ಹರಿಯುತ್ತದೆ. ಇಲ್ಲಿ ನವಿಲಿಗೆ ಕೈ ಹಚ್ಚಿದರೆ ಮೂರರಿಂದ ಏಳು ವರ್ಷ ಜೈಲು. ಹಾಗಾಗಿ ಜಗಳೂರಿನ ಬಯಲಿನಲ್ಲಿ ಇಂಥ ಹಕ್ಕಿ ಕಂಡರೆ ಅದು ತಾನಾಗಿ ಹುಟ್ಟಿದ್ದೆಂದು ನಂಬಲು ಹೆಚ್ಚು ಆಧಾರವಿದೆ.

ಯಜಮಾನರು ಎದ್ದು ಹೋಗಿ ಪಂಪ್‌ಸೆಟ್ ಗುಡಿಸಲಿನ ಸೂರಿಗೆ ಸಿಕ್ಕಿಸಿದ್ದ ಎರಡು ಗರಿ ತಂದರು. ಬದುವಿನಲ್ಲಿ ಉದುರಿ ಬಿದ್ದವು, ಎರಡೂ ಹಾರುಗರಿ, ಒಂದು ಕಂದು, ಒಂದು ಬಿಳಿ. ಬೆಳಕಿಗೆ ಹಿಡಿದರೆ ಬಿಳಿಯದರ ದಂಟೂ ಬಿಳಿ, ಉಗುರಿನಷ್ಟು ಪಾರದರ್ಶಕ. ಕಂದು ಗರಿಯ ಅಂಚು ಕತ್ತರಿಸಿಟ್ಟಂತೆ ನೇರ. ಬಿಳಿಯದರ ತುದಿ ಎರಡು ಬೆರಳಿನಷ್ಟು ಸವೆದು ಹಳೇ ಕಸಬರಿಗೆಯಂತೆ ಎಳೆಎಳೆಯಾಗಿತ್ತು. ಮೆಲನಿನ್ ಗರಿಗೆ ಬಣ್ಣದ ಜೊತೆ ಗಟ್ಟಿತನವನ್ನೂ ಕೊಡುತ್ತದೆ. ಅದಿಲ್ಲದ ಗರಿ ಮೆಕ್ಕೆಜೋಳದ ಕೂಳೆಗೆ, ಕಾರೆಮುಳ್ಳಿಗೆ ಉಜ್ಜಿ ಬೇಗ ಸವೆಯುತ್ತದೆ. ಯಜಮಾನರು ಬೆರಳಿನಲ್ಲಿ ತುದಿ ಸವರಿ, ‘ಅದ್ಕೇ ಇದು ಹಾರಾದು ತಡ, ಕೊನೇಗೇ ಏಳ್ತೈತೆ’ ಎಂದರು. ಮೂರೂ ದಿನದ ಚಿತ್ರಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ ಹೌದು, ಆರರಲ್ಲಿ ಕೊನೆಗೆ ನೆಲ ಬಿಟ್ಟದ್ದು ಅದೇ.

ಮರುದಿನ ಚಿತ್ರದುರ್ಗದ ಜೋಗಿಮಟ್ಟಿ. ಗಾಳಿ, ಮೋಡ. ಬಂಡೆಯ ನೆತ್ತಿಯಲ್ಲಿ ಕಾಡಿಗೆಯಷ್ಟು ಕಪ್ಪಾದ ಗಂಡು ನವಿಲು, ಸೋಗೆ ಉದುರಿ ಮೊಂಡಾಗಿತ್ತು. ನವಿಲಿನ ನೀಲಿಯೆಂದರೆ ಬಣ್ಣದ ಪುಡಿಯಲ್ಲ, ಗರಿಯೊಳಗೆ ಒತ್ತಾಗಿ ಜೋಡಿಸಿದ ಮೆಲನಿನ್ ಕಡ್ಡಿಗಳಿಂದ ಪ್ರತಿಫಲಿಸಿದ ಬೆಳಕು. ಬೆಳಕು ಹಕ್ಕಿಯ ಹಿಂದಿನಿಂದ ಬಂದರೆ ನೀಲಿ ಇರುವುದಿಲ್ಲ. ಮೋಡ ಸರಿಯುವವರೆಗೆ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಅದು ಒಮ್ಮೆ ತಿರುಗಿದ್ದೇ ಕತ್ತು ನೀಲಿಯಾಯಿತು.

ರಂಗಯ್ಯನದುರ್ಗದ ಆ ಹೊಲ ಯಾವ ಊರಿನದು, ಯಾವ ತಿರುವಿನಲ್ಲಿದೆ ಎಂದು ಬರೆದಿಲ್ಲ. ಹಾಗೆಂದು ಯಜಮಾನರು ಮಾತು ತೆಗೆದುಕೊಂಡಿದ್ದಾರೆ. ಗರಿಗಳೆರಡೂ ಮತ್ತೆ ಅವರ ಸೂರಿನಲ್ಲೇ ಇವೆ.